ರನ್‌ವೇ ಒದ್ದೆ ಅಂತ ಏರ್‌ಬಸ್‌ಗೆ ಹೇಳೋದು ಎಲ್ಲಿ? ಎ32ಎನ್‌ಎಕ್ಸ್ ಫ್ಲೈಪ್ಯಾಡ್‌ನ ಪರ್ಫಾರ್ಮೆನ್ಸ್ ಪುಟಗಳ ವಿಮರ್ಶೆ

ತೀರ್ಪು ಮೊದಲೇ ಹೇಳಿಬಿಡ್ತೀನಿ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ಗೆ ಫ್ಲೈಬೈವೈರ್ ತಂಡ ಪುಕ್ಕಟೆಯಾಗಿ ಕೊಡುವ ಏರ್‌ಬಸ್ ಎ320ನಿಯೊ (ಅದರ ಹೆಸರೇ ಎ32ಎನ್‌ಎಕ್ಸ್) ವಿಮಾನದ ಫ್ಲೈಪ್ಯಾಡ್ ಅನ್ನೋ ಟ್ಯಾಬ್ಲೆಟ್‌ನಲ್ಲಿ ಟೇಕಾಫ್ ಲೆಕ್ಕದ ಪುಟ ಅದ್ಭುತವಾಗಿದೆ. ಲ್ಯಾಂಡಿಂಗ್ ಪುಟ ಚೆನ್ನಾಗಿದೆ. ಆದರೆ ಒಂದೇ ಮಳೆನೀರನ್ನು ಈ ಎರಡು ಪುಟಗಳು ಎರಡು ರೀತಿಯಲ್ಲಿ ಕೇಳುತ್ತವೆ, ಒಂದರಿಂದ ಇನ್ನೊಂದಕ್ಕೆ ಹೊಂದಿಸುವ ಕೆಲಸ ಪೂರ್ತಿ ನಿಮ್ಮ ತಲೆಗೇ ಬೀಳುತ್ತೆ. ಅಲ್ಲಿ ಎಡವಿದರೆ ಉಳಿದ ಲೆಕ್ಕವೆಲ್ಲ ಎಷ್ಟು ಸರಿಯಿದ್ದರೂ ಪ್ರಯೋಜನ ಇಲ್ಲ. ಕಾಕ್‌ಪಿಟ್‌ನ ಅಂದ, ಎಂಜಿನ್ ಸದ್ದು, ಎಫ್‌ಪಿಎಸ್ ಇವುಗಳ ಬಗ್ಗೆ ಇಲ್ಲಿ ಒಂದು ಮಾತೂ ಇಲ್ಲ.

ಬೋಯಿಂಗ್ 737 ಹಾರಿಸಿ ರೂಢಿಯಾದವರು ಏರ್‌ಬಸ್‌ಗೆ ಬಂದಾಗ ಮೊದಲು ಹುಡುಕೋದು ರನ್‌ವೇ ಕಂಡೀಷನ್ ಖಾನೆಯನ್ನ. 737ರ ಎಫ್‌ಎಂಸಿಯಲ್ಲಿ (ಹಾರಾಟದ ಲೆಕ್ಕ ಮಾಡುವ ಕಂಪ್ಯೂಟರ್) ಟೇಕಾಫ್ ರೆಫ್ ಎರಡನೇ ಪುಟಕ್ಕೆ ಹೋದರೆ ರನ್‌ವೇ ಗಾಳಿ, ಇಳಿಜಾರು, ಅದರ ಜೊತೆಗೇ ಒಣಗಿದೆಯೋ ಒದ್ದೆಯೋ ಅನ್ನೋದನ್ನೂ ಹಾಕಬಹುದು. ಹಾಕಿದರೆ ಮೊದಲ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರುವ ವಿ-ಸ್ಪೀಡ್‌ಗಳು (ಟೇಕಾಫ್‌ನ ನಿರ್ಣಾಯಕ ವೇಗಗಳು) ಬದಲಾಗುತ್ತವೆ, ಅಷ್ಟೇ. ಆ ಸ್ಪೀಡ್ ಲೆಕ್ಕ ಹಾಕುವಾಗ ಎಫ್‌ಎಂಸಿ ರನ್‌ವೇ ಎಷ್ಟು ಉದ್ದ ಅಂತ ನೋಡೋದೇ ಇಲ್ಲ. ಈ ತೂಕಕ್ಕೆ ಈ ರನ್‌ವೇ ಸಾಲುತ್ತಾ ಅನ್ನೋ ಪ್ರಶ್ನೆಗೆ ಅದು ಉತ್ತರ ಕೊಟ್ಟಿಲ್ಲ, ಕೊಡೋದೂ ಇಲ್ಲ. ವೆಟ್ ಅಂತ ಒತ್ತಿದ ಕೂಡಲೇ ಮಳೆಯ ಲೆಕ್ಕ ಮುಗಿಯಿತು ಅಂದುಕೊಳ್ಳುವವರು ಬಹಳ ಜನ ಇದ್ದಾರೆ, ಅದಕ್ಕೇ ಈ ಮಾತು. ಇಳಿಯುವಾಗಿನ ಅಪ್ರೋಚ್ ರೆಫ್ ಪುಟದಲ್ಲಂತೂ ವಿರೆಫ್ (ಇಳಿಯುವಾಗಿನ ಆಧಾರ ವೇಗ) ಇದೆ, ರನ್‌ವೇ ಉದ್ದ ಇದೆ, ಗಾಳಿಯ ತಿದ್ದುಪಡಿ ಇದೆ. ಒದ್ದೆಯ ಸುದ್ದಿಯೇ ಇಲ್ಲ. ಅದಕ್ಕೆ ಕ್ಯುಆರ್‌ಎಚ್ ಕೈಪಿಡಿಯ ಟೇಬಲ್ ತೆಗೆಯಬೇಕು.

ಏರ್‌ಬಸ್‌ನ ಎಂಸಿಡಿಯುನಲ್ಲಿ (ಎಫ್‌ಎಂಸಿಯಂಥದ್ದೇ ಪರದೆ ಮತ್ತು ಕೀಲಿಮಣೆ) ಆ ಒಂದು ಖಾನೆಯೂ ಇಲ್ಲ. ಪರ್ಫ್ ಟೇಕಾಫ್ ಪುಟದಲ್ಲಿ ವಿ1 (ಟೇಕಾಫ್ ನಿಲ್ಲಿಸುವ ತೀರ್ಮಾನಕ್ಕೆ ಕೊನೆಯ ವೇಗ), ವಿಆರ್ (ಮೂತಿ ಎತ್ತುವ ವೇಗ), ವಿ2 (ಒಂದು ಎಂಜಿನ್ ಹೋದರೂ ಏರಲು ಬೇಕಾದ ವೇಗ), ಫ್ಲ್ಯಾಪ್ಸ್, ಫ್ಲೆಕ್ಸ್ ಉಷ್ಣಾಂಶ (ಪೂರ್ತಿಗಿಂತ ಕಡಿಮೆ ಎಂಜಿನ್ ಶಕ್ತಿಯಲ್ಲಿ ಏರಲು ಕೊಡುವ ಅಂಕಿ) ಇವೆಲ್ಲ ಉತ್ತರಗಳು. ಪ್ರಶ್ನೆಯನ್ನು ಬೇರೆ ಕಡೆ ಬಿಡಿಸಿಕೊಂಡು ಬಂದು ಇಲ್ಲಿ ಉತ್ತರ ಬರೆಯಬೇಕು. ಆ ಬೇರೆ ಕಡೆಯೇ ಕಿಟಕಿ ಪಕ್ಕದ ಫ್ಲೈಪ್ಯಾಡ್.

ಟೇಕಾಫ್ ಪುಟ

ಫ್ಲೈಪ್ಯಾಡ್‌ನಲ್ಲಿ ಪರ್ಫಾರ್ಮೆನ್ಸ್ ತೆರೆದು ಟೇಕಾಫ್ ಆರಿಸಿ. ವಿಮಾನ ನಿಲ್ದಾಣದ ನಾಲ್ಕಕ್ಷರದ ಕೋಡ್ ಹಾಕಿ. ನಮ್ಮ ಕೆಂಪೇಗೌಡ ಏರ್‌ಪೋರ್ಟ್‌ಗೆ ವಿಒಬಿಎಲ್. ರನ್‌ವೇ ಆರಿಸಿದರೆ ದಿಕ್ಕು, ಉದ್ದ, ಎತ್ತರ ತಾನಾಗಿ ಬರುತ್ತೆ. ಮೆಟಾರ್‌ನಿಂದ (ಏರ್‌ಪೋರ್ಟ್‌ನ ಹವಾಮಾನ ವರದಿ) ತುಂಬಿಸು ಅಂದರೆ ಗಾಳಿ, ಉಷ್ಣಾಂಶ, ಕ್ಯುಎನ್‌ಎಚ್ (ಗಾಳಿಯ ಒತ್ತಡ) ಕೂರುತ್ತೆ. ತೂಕ, ಸಿಜಿ (ಗುರುತ್ವ ಕೇಂದ್ರ), ಫ್ಲ್ಯಾಪ್ಸ್, ಪ್ಯಾಕ್ (ಏಸಿ), ಆ್ಯಂಟಿ-ಐಸ್ ಇವು ನಿಮ್ಮ ಕೆಲಸ. ರನ್‌ವೇಗೆ ತಿರುಗಿಕೊಳ್ಳುವ ಕೋನವನ್ನೂ ಕೇಳುತ್ತೆ: ಟ್ಯಾಕ್ಸಿವೇಯಿಂದ ನೇರ ಅಡ್ಡ ಬಂದರೆ 90 ಡಿಗ್ರಿ, ರನ್‌ವೇ ಮೇಲೇ ಹಿಂದೆ ಹೋಗಿ ತಿರುಗಿದರೆ 180. ಎ320 ತಿರುಗಿ ನೇರ ನಿಲ್ಲುವಷ್ಟರಲ್ಲಿ ಹತ್ತಾರು ಮೀಟರ್ ರನ್‌ವೇ ಹಿಂದೆ ಉಳಿದುಬಿಡುತ್ತೆ. ನಮ್ಮ 4000 ಮೀಟರ್ ರನ್‌ವೇಯಲ್ಲಿ ಅದು ಲೆಕ್ಕಕ್ಕಿಲ್ಲ, ಚಿಕ್ಕ ರನ್‌ವೇಯಲ್ಲಿ ಇದೆ.

ಕೊನೆಗೆ ರನ್‌ವೇ ಕಂಡೀಷನ್. ಪಟ್ಟಿಯಲ್ಲಿ ಡ್ರೈ, ವೆಟ್, ಆಮೇಲೆ 6 ಮಿಮೀ ನೀರು, 13 ಮಿಮೀ ನೀರು, ಅದೇ ಎರಡು ಅಳತೆಯಲ್ಲಿ ಸ್ಲಶ್ (ನೀರಾಗುತ್ತಿರುವ ಹಿಮ), ಒತ್ತಿ ಗಟ್ಟಿಯಾದ ಹಿಮ. ಕೊನೆಯ ಮೂರನ್ನು ಬೆಂಗಳೂರಿನವರು ಮರೆತುಬಿಡಬಹುದು. ಮೆಟಾರ್ ತುಂಬಿಸಿದ ಮಾತ್ರಕ್ಕೆ ಈ ಖಾನೆ ಬದಲಾಗಲ್ಲ. ಮೆಟಾರ್‌ನಲ್ಲಿ ಟಿಎಸ್‌ಆರ್‌ಎ ಅಂತ ಗುಡುಗುಮಳೆ ಬರೆದಿದ್ದರೂ ನೀವು ಮುಟ್ಟದಿದ್ದರೆ ಲೆಕ್ಕ ಒಣ ರನ್‌ವೇಗೇ ನಡೆಯುತ್ತೆ. ಏಪ್ರಿಲ್-ಮೇ ಸಂಜೆ ದೇವನಹಳ್ಳಿ ಕಡೆ ಮೋಡ ಕಟ್ಟಿದಾಗ ಲೈವ್ ವೆದರ್ ಹಾಕಿಕೊಂಡು ಹಾರುವವರು ಅತಿ ಹೆಚ್ಚು ತಪ್ಪೋದು ಇಲ್ಲೇ.

ಡ್ರೈ ಬದಲು ವೆಟ್ ಹಾಕಿ ಮತ್ತೆ ಕ್ಯಾಲ್ಕುಲೇಟ್ ಒತ್ತಿದರೆ ವಿ1 ಇಳಿಯೋದು ಕಾಣುತ್ತೆ. ಕಾರಣ ಸರಳ: ಒದ್ದೆ ರನ್‌ವೇಯಲ್ಲಿ ನಿಲ್ಲಲು ಹೆಚ್ಚು ಜಾಗ ಬೇಕು, ಹಾಗಾಗಿ ನಿಲ್ಲುವ ತೀರ್ಮಾನ ಬೇಗ ಆಗಬೇಕು. ವಿ1 ಇಳಿಸಿದಾಗ ಇನ್ನೊಂದು ಕಡೆ ತೊಂದರೆ ಬರುತ್ತೆ. ಕಡಿಮೆ ವೇಗದಲ್ಲಿ ಒಂದು ಎಂಜಿನ್ ಹೋದರೆ ಉಳಿದ ಒಂದೇ ಎಂಜಿನ್‌ನಲ್ಲಿ ವಿಆರ್‌ವರೆಗೆ ಓಡುವ ದೂರ ಜಾಸ್ತಿಯಾಗುತ್ತೆ. ನಿಯಮ ಅದಕ್ಕೆ ಎರಡು ಸಡಿಲಿಕೆ ಕೊಟ್ಟಿದೆ: ರನ್‌ವೇ ಅಂತ್ಯದಲ್ಲಿ 35 ಅಡಿ ಎತ್ತರ ಇರಬೇಕಾದಲ್ಲಿ ಒದ್ದೆಗೆ 15 ಅಡಿ ಸಾಕು, ನಿಲ್ಲುವ ಲೆಕ್ಕದಲ್ಲಿ ರಿವರ್ಸ್ ಥ್ರಸ್ಟ್ (ಎಂಜಿನ್ ಗಾಳಿಯನ್ನು ಮುಂದಕ್ಕೆ ತಿರುಗಿಸಿ ವೇಗ ತಗ್ಗಿಸೋದು) ಸೇರಿಸಿಕೊಳ್ಳಬಹುದು. ಇದು ಗೊತ್ತಿದ್ದರೆ ವೆಟ್‌ನಲ್ಲಿ ಫ್ಲೆಕ್ಸ್ ಉಷ್ಣಾಂಶ ಪೂರ್ತಿ ಮಾಯವಾಗದೆ ಸ್ವಲ್ಪ ಇಳಿದು ನಿಲ್ಲೋದು ಯಾಕೆ ಅಂತ ಅರ್ಥ ಆಗುತ್ತೆ. 6 ಮಿಮೀ ನೀರು ಆರಿಸಿದರೆ ಕಥೆಯೇ ಬೇರೆ. ನೀರು ನಿಂತ ರನ್‌ವೇಯಲ್ಲಿ ಫ್ಲೆಕ್ಸ್ ಟೇಕಾಫ್‌ಗೆ ಅವಕಾಶ ಇಲ್ಲ, ಟೋಗಾ (ಪೂರ್ತಿ ಶಕ್ತಿ) ಮಾತ್ರ. ಹಿಂದಿನ ಲೆಕ್ಕದ ಫ್ಲೆಕ್ಸ್ ಅಂಕಿ ಎಂಸಿಡಿಯುನಲ್ಲಿ ಹಾಗೇ ಉಳಿದಿದ್ದರೆ ಅಳಿಸಲೇಬೇಕು. ಥ್ರಸ್ಟ್ ಲಿವರ್ ಫ್ಲೆಕ್ಸ್ ಜಾಗದಲ್ಲಿ ನಿಂತರೆ ಎಂಜಿನ್ ಆ ಹಳೆ ಅಂಕಿಗೇ ಓಗೊಡುತ್ತೆ.

ಉತ್ತರ ಬಂದ ಮೇಲೆ ಎಂಸಿಡಿಯುನಲ್ಲಿ ಪರ್ಫ್ ಒತ್ತಿ. ಎಡಗಡೆ ಮೇಲಿನಿಂದ ಮೂರು ಬಟನ್‌ಗೆ ವಿ1, ವಿಆರ್, ವಿ2. ಬಲಗಡೆ ಎರಡನೆಯದು ಟಿಒ ಶಿಫ್ಟ್, ಮಧ್ಯದ ಇಂಟರ್‌ಸೆಕ್ಷನ್‌ನಿಂದ ಹೊರಟರೆ ಬಿಟ್ಟ ಮೀಟರ್ ಇಲ್ಲಿ. ಮೂರನೆಯದು ಫ್ಲ್ಯಾಪ್ಸ್ ಮತ್ತು ಟ್ರಿಮ್, 1/ಯುಪಿ0.4 ಅನ್ನೋ ರೀತಿ. ನಾಲ್ಕನೆಯದು ಫ್ಲೆಕ್ಸ್. ಟ್ಯಾಕ್ಸಿ ಮಾಡುವಾಗ 27ಎಲ್ ಬದಲು 27ಆರ್ ಅಂತ ರನ್‌ವೇ ಬದಲಾದರೆ ಟೇಕಾಫ್ ಡೇಟಾ ಪರೀಕ್ಷಿಸು ಅಂತ ಸಂದೇಶ ಬರುತ್ತೆ, ಹಳೇ ಸ್ಪೀಡ್‌ಗಳಿಗೆ ಒಪ್ಪಿಗೆ ಕೇಳುತ್ತೆ. ಎರಡೂ ರನ್‌ವೇ 4000 ಮೀಟರ್ ಇದೆಯಲ್ಲ ಅಂತ ಕಣ್ಣು ಮುಚ್ಚಿ ಒಪ್ಪೋದು ಸುಲಭ. ಆದರೆ ನೀವು ಬರುವ ಇಂಟರ್‌ಸೆಕ್ಷನ್ ಬೇರೆಯಾಗಿದ್ದರೆ ಉಳಿಯುವ ಉದ್ದವೂ ಬೇರೆ. ಮತ್ತೆ ಟ್ಯಾಬ್ಲೆಟ್‌ಗೆ ಹೋಗಿ ಬನ್ನಿ, ಅರ್ಧ ನಿಮಿಷದ ಕೆಲಸ.

ಪುಟದ ಕೊರತೆ ಒಂದು ಇದೆ. ಎದುರಿನ ಗುಡ್ಡ, ಟವರ್‌ಗಳ ಬಗ್ಗೆ ಕೇಳುವ ಖಾನೆ ಇಲ್ಲ. ಬಯಲಲ್ಲಿರುವ ದೇವನಹಳ್ಳಿಗೆ ಚಿಂತೆಯಿಲ್ಲ, ಗುಡ್ಡಗಳ ನಡುವಿನ ಏರ್‌ಪೋರ್ಟ್‌ನಲ್ಲಿ ಇದೇ ಕೊನೆಯ ಮಾತು ಅಂದುಕೊಳ್ಳಬೇಡಿ.

ಎಷ್ಟು ನೀರಿದ್ದರೆ ಏನು ಆರಿಸಬೇಕು

ವಿಷಯದ ತಿರುಳು ಇದು. ಟೇಕಾಫ್ ಪುಟ ನೀರಿನ ಆಳ ಕೇಳುತ್ತೆ. ಲ್ಯಾಂಡಿಂಗ್ ಪುಟ ಬ್ರೇಕ್ ಎಷ್ಟು ಹಿಡಿಯುತ್ತೆ ಅನ್ನೋದನ್ನ ಕೇಳುತ್ತೆ: ಡ್ರೈ, ಗುಡ್, ಗುಡ್-ಮೀಡಿಯಂ, ಮೀಡಿಯಂ, ಮೀಡಿಯಂ-ಪೂರ್, ಪೂರ್. ಇದು ಫ್ಲೈಬೈವೈರ್‌ನವರು ಕಟ್ಟಿದ್ದಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಐಕಾವೊ 2021ರ ನವೆಂಬರ್ 4ರಿಂದ ಜಾರಿಗೆ ತಂದ ರನ್‌ವೇ ವರದಿ ಪದ್ಧತಿಯಲ್ಲಿ 6ರಿಂದ 0ವರೆಗೆ ಕೋಡ್ ಇದೆ, ಈ ಪಟ್ಟಿ ಅದರ 6ರಿಂದ 1. ರನ್‌ವೇಯನ್ನು ಮೂರು ಭಾಗ ಮಾಡಿ 5/5/5 ಅಂತ ಕೊಡುತ್ತಾರೆ. ಮೂರರಲ್ಲಿ ಒಂದು ಕಡಿಮೆಯಿದ್ದರೆ ಸಿಮ್ ಹಾರಾಟಕ್ಕೆ ಆ ಕಡಿಮೆಯದನ್ನೇ ಇಡೀ ರನ್‌ವೇಗೆ ಹಾಕಿ, ವಾದ ಬೇಡ.

ಹೊಂದಾಣಿಕೆ ಹೀಗೆ. ರನ್‌ವೇ ತೇವದಿಂದ ಹಿಡಿದು 3 ಮಿಮೀ ನೀರಿನವರೆಗೂ ಕೋಡ್ 5: ಟೇಕಾಫ್ ಪುಟದಲ್ಲಿ ವೆಟ್, ಲ್ಯಾಂಡಿಂಗ್ ಪುಟದಲ್ಲಿ ಗುಡ್. ಗುಡ್ ಅಂತ ಇದೆಯಲ್ಲ, ಅಂದರೆ ಒಳ್ಳೆ ರನ್‌ವೇ, ಮಳೆಗೆ ಇನ್ನೂ ಕೆಳಗಿನದು ಆರಿಸೋಣ ಅಂತ ಮೀಡಿಯಂಗೆ ಇಳಿಯುವವರು ಇದ್ದಾರೆ. ಬೇಡ, ಸಾಮಾನ್ಯ ಮಳೆಗೆ ಗುಡ್ ಸರಿ. 3 ಮಿಮೀಗಿಂತ ಹೆಚ್ಚು ನೀರು ನಿಂತರೆ ಕೋಡ್ ಒಂದೇ ಸಲ 2ಕ್ಕೆ ಬೀಳುತ್ತೆ, ನಡುವೆ 4, 3ರಲ್ಲಿ ನಿಲ್ಲಲ್ಲ. ಟೇಕಾಫ್‌ನಲ್ಲಿ 6 ಮಿಮೀ ನೀರು, ಲ್ಯಾಂಡಿಂಗ್‌ನಲ್ಲಿ ಮೀಡಿಯಂ-ಪೂರ್. ಈ ನೆಗೆತಕ್ಕೆ ಕಾರಣ ಹೈಡ್ರೋಪ್ಲೇನಿಂಗ್. ಟೈರ್ ಒತ್ತಡದ ವರ್ಗಮೂಲವನ್ನು 9ರಿಂದ ಗುಣಿಸಿದರೆ ಟೈರ್ ನೀರಿನ ಮೇಲೆ ತೇಲುವ ವೇಗ ನಾಟ್‌ನಲ್ಲಿ ಸಿಗುತ್ತೆ ಅನ್ನೋದು ಹಳೆಯ ಸೂತ್ರ. 200 ಪಿಎಸ್‌ಐ ಟೈರ್‌ಗೆ ಅದು ಸುಮಾರು 127 ನಾಟ್. ಅಂದರೆ ಚಕ್ರ ನೆಲ ಮುಟ್ಟುವ ವೇಗ ಅದಕ್ಕಿಂತ ಹೆಚ್ಚೇ.

ಕೋಡ್ 3, ಅಂದರೆ ಮೀಡಿಯಂ, ನಮ್ಮ ಕಡೆ ಬರೋದು ಒಂದೇ ಸಂದರ್ಭದಲ್ಲಿ: ರಬ್ಬರ್ ಮೆತ್ತಿ ನುಣುಪಾದ ರನ್‌ವೇ ನೆನೆದಾಗ 'ಸ್ಲಿಪರಿ ವೆಟ್' ಅಂತ ಘೋಷಿಸಿದರೆ. ಕೋಡ್ 4 ಕೊರೆಯುವ ಚಳಿಯ ಗಟ್ಟಿ ಹಿಮಕ್ಕೆ ಸಂಬಂಧಿಸಿದ್ದು, ಬಿಡಿ.

ಆಳ ಅಳೆಯಲು ಸಿಮ್‌ನಲ್ಲಿ ಯಾರೂ ರನ್‌ವೇಗೆ ಇಳಿಯಲ್ಲ, ಹಾಗಾಗಿ ಮೆಟಾರ್ ಓದಿಯೇ ಅಂದಾಜು ಮಾಡಬೇಕು. ಆರ್‌ಎ ಅಂತ ಬರೀ ಮಳೆ ಇದ್ದರೆ ವೆಟ್, ಗುಡ್. ಪ್ಲಸ್ ಗುರುತಿನೊಂದಿಗೆ ಜೋರು ಮಳೆ, ಅದರ ಜೊತೆ ವಿಸಿಬಿಲಿಟಿ ಕುಸಿದಿದ್ದರೆ ನಿಂತ ನೀರಿನ ಲೆಕ್ಕವನ್ನೂ ಒಮ್ಮೆ ಮಾಡಿ ನೋಡಿ. ಆ ಲೆಕ್ಕಕ್ಕೆ ರನ್‌ವೇ ಸಾಲದಿದ್ದರೆ ಹತ್ತು ಹದಿನೈದು ನಿಮಿಷ ಹೋಲ್ಡ್ ಮಾಡಿ, ಮಳೆಗಾಲದ ಅಬ್ಬರ ಬಹಳ ಸಲ ಅಷ್ಟರಲ್ಲಿ ಇಳಿಯುತ್ತೆ. ಮಳೆ ನಿಂತು ಮೆಟಾರ್‌ನಲ್ಲಿ ಇತ್ತೀಚಿನ ಮಳೆ ಅಂತ ಆರ್‌ಇಆರ್‌ಎ ಮಾತ್ರ ಉಳಿದಿದ್ದರೂ ರನ್‌ವೇ ಇನ್ನೂ ಒದ್ದೆಯೇ.

ಲ್ಯಾಂಡಿಂಗ್ ಪುಟ: ಮಂಗಳೂರಿನ ಲೆಕ್ಕ

ಇಲ್ಲಿ ನಮೂದಿಸಬೇಕಾದ್ದು ಇಳಿಯುವಾಗಿನ ತೂಕ, ಫ್ಲ್ಯಾಪ್ಸ್ ಫುಲ್ ಅಥವಾ 3, ಅಪ್ರೋಚ್ ವೇಗ, ಗಾಳಿ, ಉಷ್ಣಾಂಶ, ರಿವರ್ಸ್ ಥ್ರಸ್ಟ್ ಉಂಟೋ ಇಲ್ಲವೋ, ಮತ್ತು ಎಲ್‌ಡಿಎ (ಇಳಿಯಲು ಸಿಗುವ ರನ್‌ವೇ ಉದ್ದ). ಉತ್ತರ ಮೂರು ದೂರಗಳಾಗಿ ಬರುತ್ತೆ: ಪೂರ್ತಿ ಕಾಲಿನ ಬ್ರೇಕ್, ಆಟೋಬ್ರೇಕ್ (ತಾನಾಗಿ ಹಿಡಿಯುವ ಬ್ರೇಕ್) ಮೀಡಿಯಂ, ಆಟೋಬ್ರೇಕ್ ಲೋ. ಮೂರನ್ನೂ ರನ್‌ವೇ ಚಿತ್ರದ ಮೇಲೆ ಗೆರೆ ಎಳೆದು ತೋರಿಸೋದು ಈ ಪುಟದ ಅತ್ಯುತ್ತಮ ಭಾಗ. ಅಂಕಿ ಓದೋದಕ್ಕಿಂತ ಗೆರೆ ರನ್‌ವೇ ಆಚೆ ಹೋಗಿದ್ದು ನೋಡಿದರೆ ಬೇಗ ತಲೆಗೆ ಹೋಗುತ್ತೆ.

ಈ ಅಂಕಿಗಳ ಹಿಂದೆ ಏನಿದೆ ಅಂತ ಬೆಂಗಳೂರು–ಮಂಗಳೂರು ಹಾರಾಟವನ್ನೇ ಕೈಲೆಕ್ಕ ಮಾಡಿ ನೋಡೋಣ. ಮಂಗಳೂರಿನ ಟೇಬಲ್‌ಟಾಪ್ (ಗುಡ್ಡದ ತಲೆಯ ಮೇಲಿನ) ರನ್‌ವೇ 2450 ಮೀಟರ್, ಎತ್ತರ 337 ಅಡಿ. ಅಪ್ರೋಚ್ ವೇಗ 138 ನಾಟ್, ಗಾಳಿ ಇಲ್ಲ, 26 ಡಿಗ್ರಿ ಅಂತಿಟ್ಟುಕೊಳ್ಳಿ. ನಿಜವಾದ ವೇಗ 141 ನಾಟ್ ಚಿಲ್ಲರೆ, ಸೆಕೆಂಡಿಗೆ ಸುಮಾರು 73 ಮೀಟರ್. ಥ್ರೆಶೋಲ್ಡ್ (ಇಳಿಯುವ ಜಾಗ ಶುರುವಾಗುವ ಗೆರೆ) ದಾಟಿ ಚಕ್ರ ಮುಟ್ಟಲು 7 ಸೆಕೆಂಡ್: 510 ಮೀಟರ್. ಆಟೋಬ್ರೇಕ್ ಲೋ, ಸ್ಪಾಯ್ಲರ್ (ರೆಕ್ಕೆ ಮೇಲಿನ ಹಲಗೆಗಳು) ಎದ್ದ 4 ಸೆಕೆಂಡ್ ಬಳಿಕ ಹಿಡಿಯುತ್ತೆ: ಇನ್ನೊಂದು 290 ಮೀಟರ್. ಅದರ ಗುರಿ ಪ್ರತಿ ಸೆಕೆಂಡಿಗೆ 1.7 ಮೀ/ಸೆ ವೇಗ ಇಳಿಸೋದು, ನಿಲ್ಲಲು 1560 ಮೀಟರ್. ಒಟ್ಟು 2360. ಸುರಕ್ಷತೆಗೆ ಶೇ 15ರ ಅಂಚು ಸೇರಿಸಿದರೆ 2700 ದಾಟಿತು. ರನ್‌ವೇ ಅಷ್ಟು ಇಲ್ಲವೇ ಇಲ್ಲ.

ಆಟೋಬ್ರೇಕ್ ಮೀಡಿಯಂ ಹಾಕಿದರೆ 2 ಸೆಕೆಂಡಿನಲ್ಲಿ ಹಿಡಿದು ಪ್ರತಿ ಸೆಕೆಂಡಿಗೆ 3 ಮೀ/ಸೆ ವೇಗ ಇಳಿಸುತ್ತೆ. 510, 146, 883 ಸೇರಿ 1540 ಮೀಟರ್, ಅಂಚು ಸೇರಿ 1770. ಆರಾಮ. ಹಿಂದಿನಿಂದ 10 ನಾಟ್ ಗಾಳಿ ಬಂದರೆ ಅದೇ ಮೀಡಿಯಂ ಸುಮಾರು 1970ಕ್ಕೆ ಏರುತ್ತೆ, ಲೋ ಅಂಚು ಸೇರಿಸುವ ಮುನ್ನವೇ 2640. ಇದು ಒರಟು ಲೆಕ್ಕ, ಮೊದಲ ಸೆಕೆಂಡ್‌ಗಳಲ್ಲಿ ಸ್ಪಾಯ್ಲರ್ ಮತ್ತು ರಿವರ್ಸ್ ತಗ್ಗಿಸುವ ವೇಗ ಇದರಲ್ಲಿಲ್ಲ. ಟ್ಯಾಬ್ಲೆಟ್‌ನ ಅಂಕಿಗೂ ಇದಕ್ಕೂ ವ್ಯತ್ಯಾಸ ಇರುತ್ತೆ, ಆದರೆ ಅದರ ಉತ್ತರ ಇದಕ್ಕಿಂತ ಸಾವಿರ ಮೀಟರ್ ಆಚೀಚೆ ಬಂದರೆ ಎಲ್ಲೋ ಖಾನೆ ತಪ್ಪಾಗಿದೆ ಅಂತ ತಿಳಿಯಿರಿ.

ಈಗ ಡ್ರೈ ಬದಲು ಗುಡ್ ಹಾಕಿ. ಲೋ ದೂರ ಹೆಚ್ಚೇನೂ ಬದಲಾಗಲ್ಲ, ಕಾಲಿನ ಬ್ರೇಕ್‌ನ ದೂರ ಎದ್ದು ಕಾಣುವಂತೆ ಏರುತ್ತೆ. ಪುಟ ಕೆಟ್ಟಿದೆ ಅಂತ ದೂರುವವರಿದ್ದಾರೆ. ಕೆಟ್ಟಿಲ್ಲ. ಆಟೋಬ್ರೇಕ್ ಬೇಡೋದು ನಿಗದಿತ ಇಳಿಕೆ ಮಾತ್ರ. ಒದ್ದೆ ರನ್‌ವೇಯಲ್ಲೂ ಅಷ್ಟು ಹಿಡಿತ ಸಿಗುವ ತನಕ ದೂರ ಅಷ್ಟೇ. ರಿವರ್ಸ್ ಹಾಕಿದರೂ ಒಣ ರನ್‌ವೇಯಲ್ಲಿ ಲೋ ದೂರ ಕಡಿಮೆಯಾಗದಿರೋದು ಇದೇ ಕಾರಣಕ್ಕೆ, ಬ್ರೇಕ್‌ನ ಬಿಸಿ ಕಡಿಮೆಯಾಗುತ್ತೆ ಅಷ್ಟೇ. ಆದರೆ ಮೀಡಿಯಂ ಕಂಡೀಷನ್‌ಗೆ ಬಂದಾಗ ಚಕ್ರದ ಹಿಡಿತದ ಗುಣಾಂಕ 0.16 ಅಂತ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ವಿಮಾನದ ಪೂರ್ತಿ ಭಾರ ಚಕ್ರದ ಮೇಲೆ ಕೂತರೂ ಬ್ರೇಕ್‌ನಿಂದ ಸಿಗೋದು ಪ್ರತಿ ಸೆಕೆಂಡಿಗೆ 1.6 ಮೀ/ಸೆಗೂ ಕಡಿಮೆ ಇಳಿಕೆ. ಆಟೋಬ್ರೇಕ್‌ನ ಮೀಡಿಯಂ ಬಟನ್ 3 ಕೇಳಿದರೂ ರನ್‌ವೇ ಕೊಡಲ್ಲ. ಅಲ್ಲಿಂದ ಕೆಳಗೆ ಮೂರೂ ಗೆರೆಗಳು ಒಂದರ ಹತ್ತಿರ ಒಂದು ಬಂದು ನಿಲ್ಲುತ್ತವೆ, ರಿವರ್ಸ್ ಖಾನೆಯ ಹೌದು-ಇಲ್ಲ ಅಂಕಿಯನ್ನು ನಿಜವಾಗಿ ಕದಲಿಸೋದೂ ಅಲ್ಲಿಯೇ.

7 ಸೆಕೆಂಡ್ ಅನ್ನೋದನ್ನ ಮರೆಯಬೇಡಿ. ಮೆತ್ತಗೆ ಇಳಿಸುವ ಆಸೆಗೆ ರನ್‌ವೇ ಮೇಲೆ ತೇಲುತ್ತಾ ಹೋದರೆ ಪ್ರತಿ ಸೆಕೆಂಡಿಗೆ 73 ಮೀಟರ್ ಹೋಯಿತು. 2020ರ ಆಗಸ್ಟ್ 7ರಂದು ಕೋಯಿಕ್ಕೋಡ್‌ನ ಒದ್ದೆ ಟೇಬಲ್‌ಟಾಪ್ ರನ್‌ವೇಯಿಂದ ಆಚೆ ಬಿದ್ದ 737, 8858 ಅಡಿ ರನ್‌ವೇಯಲ್ಲಿ ನೆಲ ಮುಟ್ಟಿದ್ದು 4438 ಅಡಿ ದಾಟಿದ ಮೇಲೆ, ಅದೂ ಹಿಂಗಾಳಿಯಲ್ಲಿ. ಯಾವ ಕಂಡೀಷನ್ ಆರಿಸಿ ಲೆಕ್ಕ ಮಾಡಿದ್ದರೂ ಅಲ್ಲಿಂದಾಚೆ ಆ ಲೆಕ್ಕ ಅನ್ವಯಿಸಲ್ಲ.

ಬೆಂಗಳೂರಿಗೇ ವಾಪಸ್ ಬಂದು ಇಳಿಯುವಾಗ ಎತ್ತರದ ಲೆಕ್ಕ ಸೇರುತ್ತೆ. ಏರ್‌ಪೋರ್ಟ್ ಸುಮಾರು 3000 ಅಡಿ ಮೇಲಿದೆ. 30 ಡಿಗ್ರಿ ಬಿಸಿಲಿನಲ್ಲಿ ವೇಗದ ಮೀಟರ್ 140 ನಾಟ್ ತೋರಿಸುವಾಗ ವಿಮಾನ ನಿಜವಾಗಿ 151–152 ನಾಟ್‌ನಲ್ಲಿ ಹೋಗುತ್ತಿರುತ್ತೆ. ನಿಲ್ಲುವ ದೂರ ವೇಗದ ವರ್ಗಕ್ಕೆ ತಕ್ಕಂತೆ ಏರೋದರಿಂದ ಸಮುದ್ರಮಟ್ಟದ 15 ಡಿಗ್ರಿಗೆ ಹೋಲಿಸಿದರೆ ಶೇ 17ರಷ್ಟು ಹೆಚ್ಚು. ಎತ್ತರದ ಖಾನೆಯಲ್ಲಿ ಸೊನ್ನೆ ಉಳಿದುಬಿಟ್ಟರೆ ಇದರ ಬಹುಪಾಲು ಕಳೆದುಹೋಗುತ್ತೆ. 4000 ಮೀಟರ್ ಇರೋದರಿಂದ ಇಲ್ಲಿ ಒದ್ದೆಯಲ್ಲೂ ಲೋ ಸಾಕಾಗುತ್ತೆ. ಆ ಧಾರಾಳಕ್ಕೆ ಒಗ್ಗಿಹೋದ ಕೈ ಮಂಗಳೂರಿನಲ್ಲೂ ಲೋ ಒತ್ತುತ್ತೆ.

ಉಳಿದ ತಪ್ಪುಗಳು ಸಣ್ಣವು, ಆದರೆ ದಿನಾ ಕಾಣುವಂಥವು. ಲ್ಯಾಂಡಿಂಗ್ ಪುಟದಲ್ಲಿ ಟೇಕಾಫ್ ತೂಕ ಹಾಕೋದು. ಈ ಮಾದರಿಗೆ ಲ್ಯಾಂಡಿಂಗ್ ಮಿತಿ 67.4 ಟನ್, ಟೇಕಾಫ್‌ಗೆ 79, ಹಾಗಾಗಿ 70ರ ಮೇಲಿನ ಅಂಕಿ ಕಂಡರೆ ಅನುಮಾನ ಪಡಿ. ಸೆಟ್ಟಿಂಗ್ಸ್‌ನಲ್ಲಿ ಪೌಂಡ್ ಇದ್ದು ನೀವು ಕಿಲೋ ಯೋಚಿಸುತ್ತಿರೋದು. ಥ್ರೆಶೋಲ್ಡ್ ಒಳಗೆ ಸರಿದ ರನ್‌ವೇಯಲ್ಲಿ ಇಡೀ ಉದ್ದವನ್ನೇ ಎಲ್‌ಡಿಎ ಅಂದುಕೊಳ್ಳೋದು. ಚಾರ್ಟ್ ನೋಡಿ ಕೈಯಿಂದ ತಿದ್ದಿ. ಶೇ 15ರ ಅಂಚನ್ನು ಎರಡು ಸಲ ಸೇರಿಸೋದು. ಪುಟದಲ್ಲಿರುವ ಟಿಪ್ಪಣಿ ಓದಿಕೊಂಡು ಆಮೇಲೆ ಗುಣಿಸಿ. ಮೆಟಾರ್ ಗಾಳಿ ನಿಜ ಉತ್ತರಕ್ಕೆ, ಟವರ್ ಹೇಳೋದು ಕಾಂತೀಯ ಉತ್ತರಕ್ಕೆ ಅನ್ನೋ ತಲೆನೋವು ದಕ್ಷಿಣ ಭಾರತದಲ್ಲಿ ಒಂದೆರಡು ಡಿಗ್ರಿಯದು, ತಲೆ ಕೆಡಿಸಿಕೊಳ್ಳಬೇಡಿ.

ಹೊರಡುವ ಮುನ್ನದ ನಿಯಮವನ್ನು ಈ ಪುಟದ ಅಂಕಿಯ ಜೊತೆ ಬೆರೆಸಲೂಬೇಡಿ. ಅಲ್ಲಿ ಒಣ ರನ್‌ವೇಯ ಪ್ರಮಾಣಿತ ದೂರ ಎಲ್‌ಡಿಎಯ ಶೇ 60ರೊಳಗೆ ಇರಬೇಕು, ಒದ್ದೆ ನಿರೀಕ್ಷೆ ಇದ್ದರೆ ಬೇಕಾಗುವ ಉದ್ದ ಮತ್ತೆ ಶೇ 15 ಹೆಚ್ಚು. 2450 ಮೀಟರ್ ಎಲ್‌ಡಿಎಗೆ ಆ ದೂರ ಒಣಗಿದ್ದರೆ 1470, ಒದ್ದೆಗೆ 1278 ಮೀಟರ್ ಒಳಗೆ. ಫ್ಲೈಪ್ಯಾಡ್ ಲ್ಯಾಂಡಿಂಗ್ ಪುಟ ಇರೋದು ಹಾರುತ್ತಿರುವಾಗ, ಇಳಿಕೆ ಶುರು ಮಾಡುವ ಮುಂಚೆ ತೆರೆಯಲು.

ಆ ಹೊತ್ತಿಗೆ ಎಂಸಿಡಿಯುನ ಪರ್ಫ್ ಅಪ್ರೋಚ್ ಪುಟದಲ್ಲಿ ಕ್ಯುಎನ್‌ಎಚ್, ಉಷ್ಣಾಂಶ, ಗಾಳಿ ಮೊದಲು ಹಾಕಿಬಿಡಿ. ಗಾಳಿ ಹಾಕಿದ ಮೇಲೆ ಅಪ್ರೋಚ್ ವೇಗ ಬದಲಾಗಬಹುದು: ಕನಿಷ್ಠ ವಿಎಲ್‌ಎಸ್‌ಗಿಂತ (ಇಳಿಯುವಾಗ ಅದಕ್ಕಿಂತ ಕೆಳಗೆ ಹೋಗಬಾರದ ವೇಗ) 5 ನಾಟ್ ಮೇಲೆ, ಎದುರುಗಾಳಿಯ ಮೂರನೇ ಒಂದು ಭಾಗ ಅದಕ್ಕಿಂತ ಹೆಚ್ಚಿದ್ದರೆ ಅಷ್ಟು, ಗರಿಷ್ಠ 15. ಆ ಅಂತಿಮ ವೇಗವನ್ನು ಟ್ಯಾಬ್ಲೆಟ್‌ಗೆ ಕೊಡಿ. ಉಲ್ಟಾ ಮಾಡಿದರೆ ಹಳೇ ವೇಗದ ದೂರ ಇಟ್ಟುಕೊಂಡು ಹೊಸ ವೇಗದಲ್ಲಿ ಇಳಿಯುತ್ತೀರಿ.

ಟೇಕಾಫ್ ಪುಟಕ್ಕೆ ಐದಕ್ಕೆ ನಾಲ್ಕೂವರೆ, ಲ್ಯಾಂಡಿಂಗ್ ಪುಟಕ್ಕೆ ಮೂರೂವರೆ. ಲ್ಯಾಂಡಿಂಗ್ ಪಟ್ಟಿಯಲ್ಲಿ ಗುಡ್ ಪಕ್ಕ '3 ಮಿಮೀವರೆಗೆ ನೀರು', ಮೀಡಿಯಂ-ಪೂರ್ ಪಕ್ಕ '3 ಮಿಮೀ ಮೇಲೆ' ಅಂತ ಎರಡು ಸಾಲು ಬರೆದರೆ ಆ ಒಂದು ಅಂಕವನ್ನೂ ಕೊಟ್ಟುಬಿಡಬಹುದು. ಇನ್‌ಸ್ಟಾಲ್ ಮಾಡುವಾಗ ಫ್ಲೈಬೈವೈರ್ ಇನ್‌ಸ್ಟಾಲರ್‌ನಲ್ಲಿ ಸ್ಟೇಬಲ್ ಆವೃತ್ತಿಯನ್ನೇ ಆರಿಸಿ. ಡೆವಲಪ್‌ಮೆಂಟ್ ಆವೃತ್ತಿಯಲ್ಲಿ ಪುಟಗಳು ಆಗಾಗ ಬದಲಾಗುತ್ತಿರುತ್ತವೆ, ಮೇಲೆ ಹೇಳಿದ ಖಾನೆಗಳು ಅಲ್ಲಿ ಇದೇ ಜಾಗದಲ್ಲಿ ಇರಬೇಕೆಂದಿಲ್ಲ.